ಒಂಬತ್ತನೇ ಮೀಟರಿನ ಮಣ್ಣು

ತೊಂಬತ್ನಾಲ್ಕನೇ ಇಸವಿಯಲ್ಲಿ ನೆಲ ಕೊರೆಯುವುದಕ್ಕೆ ಮಣ್ಣಿನಲ್ಲಾದರೆ ಮೀಟರಿಗೆ ನಾನೂರು ರೂಪಾಯಿ, ಬಂಡೆಯಲ್ಲಾದರೆ ಸಾವಿರದ ಇನ್ನೂರು. ಆಳದಿಂದ ತೆಗೆದ ಮಣ್ಣನ್ನು ಉಕ್ಕಿನ ಕೊಳವೆಯಲ್ಲಿ ಹಾಗೇ ಇಟ್ಟು, ಎರಡು ಬಾಯಿಗೂ ಮೇಣ ಹಾಕಿ, ಬೆಂಗಳೂರಿನ ಪರೀಕ್ಷೆಗೆ ಕಳಿಸಲು ಕೊಳವೆಗೆ ಇನ್ನೂರೈವತ್ತು. ಬೆಟ್ಟಮ್ಮನ ಮೆಸ್ಸಿನಲ್ಲಿ ಮುದ್ದೆ, ಸಾರು, ಅನ್ನ ಎಂಟು ರೂಪಾಯಿ. ಹೊಳೆ ದಂಡೆಯಲ್ಲಿ ಕೊರೆಯುವ ಯಂತ್ರ ಕಾಯುತ್ತಿದ್ದ ಕರಿಯಪ್ಪನಿಗೆ ದಿನಕ್ಕೆ ಮೂವತ್ತು. ಆ ಕರಿಯಪ್ಪ ಮಾಘದ ಚಳಿಯ ಒಂದು ಬೆಳಗ್ಗೆ ಯಂತ್ರದ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ.

ಸುದ್ದಿ ತಂದವನು ಕೊರೆಯುವ ತಂಡದ ಮೇಸ್ತ್ರಿ ನರಸಯ್ಯ. ಅಕ್ಕಿಹೆಬ್ಬಾಳಿನ ಶಾಲೆಯ ಟೀಚರ್ ಪದ್ಮ ಆಗ ಮೆಸ್ಸಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಳು. ಬೆಟ್ಟಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು ನಾಲ್ಕು ವರ್ಷವಾಗಿತ್ತು ಅವಳಿಗೆ. ಊರಿನಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ಅಪವಾದ ಹೊರಿಸಿದರೂ, ಜನ ಪೊಲೀಸ್ ಸ್ಟೇಷನ್ನಿಗೆ ಹೋಗುವ ಮೊದಲು ಈ ಜಗಲಿಗೆ ಬರುತ್ತಿದ್ದುದನ್ನು ಅವಳು ಕಂಡಿದ್ದಳು. ಬೆಟ್ಟಮ್ಮ ಓದಿದವಳಲ್ಲ. ಬಾವಿ ತೋಡುವ ಗಂಡನ ಹಿಂದೆ ನಲವತ್ತು ಬಾವಿಗಳ ಮಣ್ಣು ಹೊತ್ತವಳು.

"ಅಕ್ಕ, ನನ್ ಕೈಯಿಂದ್ಲೇ ಸತ್ತ ಅಂತಾವ್ರೆ," ಎಂದ ನರಸಯ್ಯ. ಪಾಂಡವಪುರದವನು, ಐವತ್ತು ದಾಟಿದವನು. "ಗುಂಡು ನೇತಾಕಿ ಬುಟ್ಟು ಊಟಕ್ ಬಂದೆ, ಹಗ್ಗ ಜಾರಿ ಅವನ್ ತಲೆ ಮ್ಯಾಲೆ ಬಿತ್ತು ಅಂತ ಎಂಜಿನಿಯರ್ರು ಬರ್ಸವ್ರೆ. ಮಧ್ಯಾಹ್ನಕ್ಕೆ ಎಸ್ಸೈ ಬಂದು ಕರ್ಕೊಂಡ್ ಓಯ್ತಾರಂತೆ."

ಗುಂಡು ಎಂದರೆ ಅರವತ್ತಮೂರೂವರೆ ಕೇಜಿಯ ಕಬ್ಬಿಣದ ಸುತ್ತಿಗೆ. ಮೂರು ಕಾಲಿನ ಚೌಕಟ್ಟಿನಿಂದ ಹಗ್ಗದಲ್ಲಿ ಅದನ್ನು ಎತ್ತಿ, ಎತ್ತಿ, ನೆಲದೊಳಗಿಳಿಸಿದ ರಾಡಿನ ತಲೆಯ ಮೇಲೆ ಬಿಡುತ್ತಾರೆ. ಗೇಣುದ್ದ ಇಳಿಯಲು ಎಷ್ಟು ಏಟು ಬೇಕಾಯಿತೆಂದು ಎಣಿಸಿ ಬರೆದುಕೊಳ್ಳುತ್ತಾರೆ. ಏಟು ಹೆಚ್ಚಾದರೆ ನೆಲ ಗಟ್ಟಿ, ಕಡಿಮೆಯಾದರೆ ಮೆದು. ಹೇಮಾವತಿಗೆ ಕಟ್ಟಲಿದ್ದ ಸೇತುವೆಯ ಕಂಬಗಳು ಆ ಎಣಿಕೆಯನ್ನು ನಂಬಿ ನಿಲ್ಲಬೇಕಿತ್ತು.

"ನೇತಾಕಿದ್ಯೇನ್ಲಾ?" ಎಂದಳು ಬೆಟ್ಟಮ್ಮ.

"ಇಪ್ಪತ್ತೆರಡು ವರ್ಸ ಆಯ್ತಕ್ಕ ಈ ಕೆಲ್ಸಕ್ಕೆ ಬಂದು. ಗುಂಡು ಇಳ್ಸಿ ಮಲಗಿಸ್ದೆ ಒಂದಿನಾನೂ ಕೈ ತೊಳ್ದವನಲ್ಲ." ಅವನು ದನಿ ತಗ್ಗಿಸಿದ. "ಅದು ಗುಂಡಿನ ಕೆಲ್ಸ ಅಲ್ಲ ಕಣಕ್ಕ. ಎರಡ್ನೇ ಗುಳಿ ಕೆಲ್ಸ."

ಆ ಗುಳಿಯ ಮಾತು ಊರಿಗೆಲ್ಲ ಗೊತ್ತಿತ್ತು. ಹತ್ತು ದಿನದ ಹಿಂದೆ ಎರಡನೇ ಗುಳಿ ಕೊರೆಯುವಾಗ, ಒಂಬತ್ತು ಮೀಟರಿನಲ್ಲಿ ರಾಡಿನ ಮೇಲೆ ಗುಂಡನ್ನು ಇಟ್ಟರಷ್ಟೇ, ಇನ್ನೂ ಎತ್ತಿರಲಿಲ್ಲ. ರಾಡು ತಾನಾಗಿ ಸರ್ರನೆ ಒಳಗಿಳಿಯಿತು. ಕೆಳಗಿನಿಂದ ಯಾರೋ ಕೈಹಿಡಿದು ಎಳೆದುಕೊಂಡಂತಾಯಿತು ಎಂದು ಆಳುಗಳು ಹಗ್ಗ ಬಿಟ್ಟು ಓಡಿದ್ದರು. ಅದಾದ ಮೇಲೆ ಮೂರು ಸಂಜೆಯಿಂದ ಹೊಳೆಯ ಕಡೆ ಸದ್ದು. ಸಂಜೆಯ ರೈಲು ಹೋಗಿ, ಆಳುಗಳೆಲ್ಲ ಮೆಸ್ಸಿನಲ್ಲಿ ಮುದ್ದೆ ಮುರಿಯುವ ಹೊತ್ತಿಗೆ, ಯಾರೂ ಇಲ್ಲದ ಆ ಕಡೆಯಿಂದ ದಬ್, ದಬ್, ದಬ್. ಪದ್ಮಳೂ ಕೇಳಿದ್ದಳು. ಗುಂಡು ಬಿದ್ದರೆ ಠಣ್ ಎನ್ನುತ್ತದೆ. ಇದು ಹಾಗಿರಲಿಲ್ಲ. ನೆಲದೊಳಗೆ ಸಿಕ್ಕಿಕೊಂಡವರು ಬಾಗಿಲು ತಟ್ಟಿದ ಹಾಗಿತ್ತು. ಮೂರನೆಯ ಸಂಜೆ, ಅಂದರೆ ನಿನ್ನೆ, ಆ ಸದ್ದು ನಡುವೆಯೇ ನಿಂತುಹೋಗಿತ್ತು. ನರಸಯ್ಯ ಎತ್ತಿದ ತುತ್ತನ್ನು ಹಾಗೇ ಹಿಡಿದು ಕೂತಿದ್ದು ಅವಳಿಗೆ ನೆನಪಿತ್ತು.

ಬೆಟ್ಟಮ್ಮ ಒಲೆಯ ಮೇಲಿನ ಸಾರು ಇಳಿಸಿದಳು. ಮೊನ್ನೆಯಿಂದ ಅವಳಿಗೆ ಬೇರೊಂದು ಕಿರಿಕಿರಿ. "ಈ ಸಣ್ಣ ಬಾಂಡ್ಲೀಲಿ ಒಗ್ಗರಣೆ ಹಾಕುದ್ರೆ ಸಾಸುವೆ ಸಿಡಿಯಾಕಿಲ್ಲ, ಕರೆಂಟು ಓದ ರಾತ್ರಿ ವಾಸ್ನೆ ಬತ್ತದೆ," ಎಂದು ಗೊಣಗಿ, ಬಾಣಲೆಯನ್ನು ಮೂಲೆಗೆ ಸರಿಸಿ, ಸೆರಗು ಕಟ್ಟಿದಳು. "ಬಾ ಟೀಚರಮ್ಮ, ಸ್ಕೂಲಿಗೆ ಇನ್ನೂ ಟೈಮೈತೆ."

ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಮೂರು ಕಾಲಿನ ಚೌಕಟ್ಟು ತಲೆಯಿಲ್ಲದ ಮನುಷ್ಯನಂತೆ ಅದರೊಳಗೆ ನಿಂತಿತ್ತು. ಎರಡನೇ ಗುಳಿಯಿಂದ ಮೊಣಕಾಲೆತ್ತರ ಹೊರಬಂದಿದ್ದ ಕಬ್ಬಿಣದ ಪೈಪು ಗಾಳಿ ಬೀಸಿದಾಗಲೆಲ್ಲ ನಿಟ್ಟುಸಿರಿನಂಥ ಸದ್ದು ಮಾಡುತ್ತಿತ್ತು. ಅದರ ಪಕ್ಕ ಹಾದುಹೋಗುವಾಗ ಪದ್ಮ ಸೀರೆ ಒತ್ತಿಹಿಡಿದಳು.

ಕಂಬಳಿ ಹೊದಿಸಿದ ಕರಿಯಪ್ಪನ ತಲೆಯ ಬಳಿ ಅವನ ಹೆಂಡತಿ ಕುಳ್ಳಮ್ಮ ಅಳು ಬತ್ತಿ ಕೂತಿದ್ದಳು. ಸ್ಟೋರ್ ನೋಡಿಕೊಳ್ಳುತ್ತಿದ್ದ ಶಂಕರ್ ಅವಳಿಗೆ ನೀರು ಕೊಡುತ್ತಿದ್ದ. ಹೊಣಕೆರೆಯ ಹುಡುಗ, ಒಳ್ಳೆಯ ಮಾತಿನವನು. ಎಂಜಿನಿಯರ್ ಧರ್ಮೇಂದ್ರ ದಿನಾ ಬೆಳಗಿನ ರೈಲಿಗೆ ಮೈಸೂರಿನಿಂದ ಬಂದು ಸಂಜೆಯ ರೈಲಿಗೆ ಹೋಗುವವನು; ಕಾನ್‌ಸ್ಟೇಬಲ್ ಜೊತೆ ಮಾತಾಡುತ್ತಿದ್ದ.

ಬೆಟ್ಟಮ್ಮ ಹೆಣದ ಮುಖ ನೋಡಲಿಲ್ಲ. ಮೊದಲು ಗುಂಡು ನೋಡಿದಳು. ಅದು ತಲೆಯ ಪಕ್ಕದಲ್ಲಿ, ನುಣ್ಣನೆ ಮರಳಿನ ಮೇಲೆ, ಚಾಪೆಯ ಮೇಲಿಟ್ಟ ಒಳಕಲ್ಲಿನ ಗುಂಡಿನಂತೆ ಕೂತಿತ್ತು. ಅವಳು ಅದರ ಸುತ್ತ ಬೆರಳಾಡಿಸಿದಳು. ಆಮೇಲೆ ಕಾಲಿನ ಕಡೆ ಹೋಗಿ ಕಂಬಳಿ ಸರಿಸಿದಳು. ಎರಡು ಹಿಮ್ಮಡಿಗೂ ಕಪ್ಪು ಮಣ್ಣು ಮೆತ್ತಿಕೊಂಡು ಒಣಗಿತ್ತು. ಒಂದು ಚೂರು ಕಿತ್ತು ಹಲ್ಲಿನಲ್ಲಿ ಕಚ್ಚಿದಳು.

"ಥೂ, ಏನಮ್ಮ ಇದು?" ಎಂದ ಧರ್ಮೇಂದ್ರ.

"ರುಚಿ ನೋಡ್ದೆ ಬುಡಿ ಸಾಮಿ, ಅಡ್ಗೆಯವ್ಳು." ಅವಳು ಉಗಿದು ಬಾಯೊರೆಸಿಕೊಂಡಳು. "ಆ ಒಂಬತ್ತನೇ ಮೀಟ್ರಿನ ಮಣ್ಣು ಎಂಗೈತೆ?"

"ಗಟ್ಟಿಯಾಗಿದೆ. ರಾಡು ತಾನೇ ಇಳಿಯಿತು ಅಂತ ನರಸಯ್ಯ ಬರೆದದ್ದು ಸುಳ್ಳು. ಅವತ್ತು ನಾನು ರಜೆಯಲ್ಲಿದ್ದೆ, ಕುಡಿದು ಬರೆದಿರಬೇಕು. ಕೊಳವೆಯ ಬಾಯಲ್ಲಿ ನಾನೇ ಬೆರಳೊತ್ತಿ ನೋಡಿದ್ದೀನಿ."

"ಯಾವತ್ತು?"

"ಮೊನ್ನೆ. ಹಳೇ ಮೇಣ ಬಿರುಕು ಬಿಟ್ಟಿತ್ತು ಅಂತ ಹೊಸದು ಹಾಕಿಸಿದಾಗ."

ಬೆಟ್ಟಮ್ಮ ಕಂಬಳಿಯನ್ನು ಮತ್ತೆ ಹೊದಿಸಿದಳು. ಪದ್ಮಳನ್ನು ಕರೆದುಕೊಂಡು ನಾಲೆ ದಾಟಿ, ತೂಬಿನಾಚೆಯ ತಗ್ಗಿಗೆ ಇಳಿದಳು. ಊರಿನ ನೆಲವೆಲ್ಲ ಕೆಂಪು, ಹೊಳೆ ದಂಡೆ ಮರಳು. ಈ ತಗ್ಗಿನಲ್ಲಿ ಮಾತ್ರ ಕಪ್ಪು ಜೇಡಿ. ತನ್ನ ಒಲೆ ಸಾರಿಸಲು ಬೆಟ್ಟಮ್ಮ ಮಣ್ಣು ಒಯ್ಯುತ್ತಿದ್ದುದು ಇಲ್ಲಿಂದಲೇ. ಗರಿಕೆ ಬೆಳೆದ ಬದುವಿನ ಪಕ್ಕ ಅವಳು ನಿಂತು ಬೆರಳು ತೋರಿಸಿದಳು. ಚೊಂಬಿನ ಬಾಯಿ ಒತ್ತಿ ಕೊರೆದಂತೆ ದುಂಡನೆಯ ಕುಣಿಗಳು. ಮೊದಲೆರಡು ಮೊಣಕೈ ಮುಳುಗುವಷ್ಟು ಆಳ, ಒಳಗೋಡೆ ಕನ್ನಡಿಯಷ್ಟು ನಯ. ಮೂರನೆಯದು ಗೇಣಿಗೇ ನಿಂತಿತ್ತು. ಸುತ್ತ ಮಂಜು, ಕಪ್ಪೆಯ ದನಿಯೂ ಇಲ್ಲ. ಅಪೂರ್ಣವಾದ ಆ ಮೂರನೆಯ ಕುಣಿಯನ್ನು ನೋಡಿ ಪದ್ಮಳಿಗೆ ನಿನ್ನೆ ನಡುವೆಯೇ ನಿಂತ ಸದ್ದು ನೆನಪಾಯಿತು.

"ದೆವ್ವ ಅಳತೆ ಇಟ್ಕಂಡು ತೋಡಾಕಿಲ್ಲ ಕಣವ್ವ," ಎಂದು ಬೆಟ್ಟಮ್ಮ ತೂಬಿನ ಕಲ್ಲನ್ನು ಸವರಿದಳು. ಉಳಿದ ಕಲ್ಲುಗಳ ಮೇಲೆಲ್ಲ ಧೂಳಿತ್ತು. ಈ ಒಂದನ್ನು ಯಾರೋ ತಿಕ್ಕಿ ತೊಳೆದಿದ್ದರು.

ಮಧ್ಯಾಹ್ನ ಎಸ್ಸೈ ಬಂದಾಗ ಬೆಟ್ಟಮ್ಮ ಎಲ್ಲರನ್ನೂ ಮೆಸ್ಸಿನಲ್ಲಿ ಕೂರಿಸಿದ್ದಳು. ನರಸಯ್ಯ, ಅವನ ಆಳುಗಳು, ಧರ್ಮೇಂದ್ರ, ಶಂಕರ್, ಗೋಡೆಗೊರಗಿ ಕುಳ್ಳಮ್ಮ. ಊಟದ ಬೆಂಚಿನ ಮೇಲೆ ಎರಡನೇ ಗುಳಿಯ ಮೂರು ಕೊಳವೆಗಳು. ಸ್ಟೋರಿನಿಂದ ಅವನ್ನು ಕಾನ್‌ಸ್ಟೇಬಲ್ ಕೈಯಲ್ಲಿ ತರಿಸಿದ್ದಳು.

"ಬೆಟ್ಟಮ್ಮ, ಬೇಗ ಮುಗಿಸಮ್ಮ," ಎಂದ ಎಸ್ಸೈ. ಎರಡು ವರ್ಷದ ಹಿಂದೆ ಶಾಲೆಯ ಗಂಟೆ ಕದ್ದವನನ್ನು ಹಿಡಿದುಕೊಟ್ಟವಳೆಂದು ಅವನಿಗೆ ಅವಳ ಮೇಲೆ ಗೌರವವಿತ್ತು.

"ಬಾವಿ ತೋಡೋವಾಗ ಮ್ಯಾಲಿಂದ ಒಂದು ಕಲ್ಲು ಜಾರುದ್ರೆ, ಅದು ಬಿದ್ ಕಡೆ ಹಾಸ್ಗೆ ಮಾಡ್ಕತದೆ ಸಾಮಿ. ಈ ಗುಂಡು ಅರವತ್ತಮೂರು ಕೇಜಿ. ಮರಳಿನ ಮ್ಯಾಲೆ ಬಿದ್ದಿದ್ರೆ ಕುಣಿ ಬೀಳ್ಬೇಕಿತ್ತು. ಒಂದ್ ಬೆರಳೂ ಇಳ್ದಿಲ್ಲ. ನರಸಯ್ಯ ಸಂಜೆ ಮಲಗಿಸ್ದ ಜಾಗ್ದಲ್ಲೇ ಐತೆ. ಗುಂಡು ಬಿದ್ದು ಕರಿಯಪ್ಪ ಸಾಯ್ಲಿಲ್ಲ; ಸತ್ತ ಕರಿಯಪ್ಪನ್ನ ತಂದು ಗುಂಡಿನ ಪಕ್ಕ ಮಲಗಿಸವ್ರೆ."

ಕುಳ್ಳಮ್ಮ ತಲೆಯೆತ್ತಿದಳು.

"ಎಲ್ಲಿಂದ ತಂದ್ರು? ಅವನ ಹಿಮ್ಮಡೀಲಿ ಕಪ್ಪು ಜೇಡಿ ಇತ್ತು. ಕಚ್ಚುದ್ರೆ ಹಲ್ಲಿಗೆ ಒಂದು ಮರಳೂ ಸಿಗಾಕಿಲ್ಲ. ತೂಬಿನಾಚೆ ತಗ್ಗು ಬುಟ್ರೆ ಇನ್ನೆಲ್ಲೂ ಅದಿಲ್ಲ. ಅಲ್ಲಿ ಕೊಳವೆ ಗಾತ್ರದ ಕುಣಿ ಮೂರವೆ. ಎಂಜಿನಿಯರ್ ಸಾಮಿ, ಈ ಒಂಬತ್ತನೇ ಮೀಟ್ರಿಂದು ಬಿಚ್ಚಿ."

"ಬಿಚ್ಚಿದರೆ ಪರೀಕ್ಷೆಗೆ ಬರೋದಿಲ್ಲ," ಎಂದ ಧರ್ಮೇಂದ್ರ.

"ಬಿಚ್ದಿದ್ರೆ ನರಸಯ್ಯ ಜೈಲಿಗೆ ಓಯ್ತಾನೆ, ನಿಮ್ ಸೇತುವೆ ಹೊಳೆಗೆ ಓಯ್ತದೆ."

ನರಸಯ್ಯ ಮೇಣ ಕೆತ್ತಿ, ಮರದ ತುಂಡಿನಿಂದ ಹಿಂದಿನಿಂದ ನೂಕಿದ. ಕಪ್ಪು ಮಣ್ಣು ಮುದ್ದೆಯಂತೆ ಗಟ್ಟಿಯಾಗಿ, ನಿಧಾನವಾಗಿ ಹೊರಬಂತು. ಎಲ್ಲರೂ ಬಗ್ಗಿ ನೋಡಿದರು. ಆಗ ಮಣ್ಣು ಅಲುಗಿತು.

ಆಳೊಬ್ಬ ಬೆಂಚು ಬೀಳಿಸಿಕೊಂಡು ಹಿಂದೆ ಸರಿದ. ಪದ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಬೆಟ್ಟಮ್ಮ ಮಾತ್ರ ಮಣ್ಣನ್ನು ಎರಡಾಗಿ ಮುರಿದಳು. ನಡುವಿನಿಂದ ಒಂದು ಎರೆಹುಳ ಮೈ ಹಿಂಡಿಕೊಂಡು ಹೊರಗೆ ಬಂತು. ಅದರ ಪಕ್ಕದಲ್ಲಿ ಗರಿಕೆಯ ಬಿಳಿ ಬೇರು.

"ಒಂಬತ್ತು ಮೀಟ್ರು ಅಂದ್ರೆ ಐದು ಆಳು. ನಲವತ್ತು ಬಾವಿ ಕಂಡಿವ್ನಿ, ಅಷ್ಟು ಆಳ್ದಲ್ಲಿ ಗರಿಕೆ ಬೆಳ್ದಿದ್ದು ಕಂಡಿಲ್ಲ. ನರಸಯ್ಯ ನಿಜ ಬರ್ದವ್ನೆ. ರಾಡು ತಾನಾಗಿ ಇಳಿದ್ರೆ ಅಲ್ಲಿರೋ ಮಣ್ಣು ಮಜ್ಜಿಗೆ ಅಂಗಿರ್ಬೇಕು. ಇದು ಬದುವಿನ ಮಣ್ಣು. ಇನ್ನು ಈ ಮೂರ್ನೇದು ನೋಡಿ." ಅವಳು ಕೊನೆಯ ಕೊಳವೆಯನ್ನು ಎಸ್ಸೈ ಕಿವಿಯ ಬಳಿ ಅಲ್ಲಾಡಿಸಿದಳು. ಒಣಗಿದ ಹುರುಳಿಕಾಯಿಯಂತೆ ಗಲಗಲ ಎಂದಿತು. "ಇದ್ರಲ್ಲಿ ಮಾತ್ರ ಅಸಲಿ ಮಣ್ಣು; ನಿನ್ನೆ ಕೆಲ್ಸ ಅರ್ಧಕ್ಕೆ ನಿಂತಿದ್ಕೆ ತಿರ್ಗಾ ಅದ್ನೇ ತುಂಬವ್ರೆ. ಒಣಗಿ, ಕುಗ್ಗಿ, ಕೊಳವೆಯೊಳಗೇ ಉಳ್ಳಾಡ್ತೈತೆ."

ಧರ್ಮೇಂದ್ರ ಆ ಕೊಳವೆಯನ್ನು ಇಸಿದುಕೊಂಡು ತಾನೂ ಅಲ್ಲಾಡಿಸಿದ. "ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿ ಇಡಬೇಕಿತ್ತು ಇವನ್ನ. ದಿನಾ ನೀರು ಚಿಮುಕಿಸಬೇಕಿತ್ತು."

"ಯಾರು ಚಿಮುಕಿಸ್ಬೇಕು? ಬೀಗದ ಕೈ ಯಾರ್ತಾವ ಇತ್ತೋ ಅವರು. ತಗಡಿನ ಶೆಡ್ಡಿಗೆ ಬೀಗ ಜಡ್ದು ಅವರು ನಾಲ್ಕು ದಿನ ಊರಿಗೆ ಓಗ್ಬುಟ್ರು. ಬಂದು ನೋಡುದ್ರೆ ಮೂರೂ ಒಣಗವೆ. ಮತ್ತೆ ಕೊರೀಬೇಕು ಅಂದ್ರೆ ಕೆಲ್ಸ ಓಯ್ತದೆ. ಅದ್ಕೆ ಸಂಜೆ ರೈಲಿಗೆ ಎಂಜಿನಿಯರ್ರು ಓದ ಮ್ಯಾಲೆ, ಆಳೆಲ್ಲ ಇಲ್ಲಿ ಉಣ್ಣೋ ಹೊತ್ನಲ್ಲಿ, ದಿನಕ್ಕೊಂದು ಕೊಳವೆ ಬರಿದು ಮಾಡಿ ಆ ತಗ್ಗಿನ ಜೇಡಿಗೆ ಇಳ್ಸುದ್ರು. ಬಾಯಿ ಮುರೀದಿರ್ಲಿ ಅಂತ ಮ್ಯಾಲೆ ಮರದ ತುಂಡಿಟ್ಟು ಬಡಿದ್ರು. ಅದ್ಕೇ ಠಣ್ ಅನ್ದೆ ದಬ್ ಅಂದಿದ್ದು. ಆ ಹೊತ್ನಲ್ಲಿ ನರಸಯ್ಯನ ಎಲೆಗೆ ಮುದ್ದೆ ಹಾಕ್ತಿದ್ದವ್ಳು ನಾನು. ಎಂಜಿನಿಯರ್ರು ರೈಲಲ್ಲಿದ್ರು. ಊಟಕ್ಕೆ ಇಲ್ಲಿ ಕೂರ್ದೆ ದಿನಾ ಕ್ಯಾರಿಯರ್ರು ಒಯ್ಯೋನು ಒಬ್ನೇ."

ಯಾರೂ ಅವನ ಕಡೆ ತಿರುಗಲಿಲ್ಲ. ತಿರುಗುವ ಅಗತ್ಯವೂ ಇರಲಿಲ್ಲ.

ಬೆಟ್ಟಮ್ಮ ಮೂಲೆಯಲ್ಲಿದ್ದ ಸಣ್ಣ ಬಾಣಲೆಯನ್ನು ತಂದು ಶಂಕರನ ಮುಂದಿಟ್ಟಳು. ಅಂಚಿನಲ್ಲಿ ಬಿಳಿಯ ಕಲೆ ಉಗುರಿಗೆ ಸಿಕ್ಕಿ ಎದ್ದುಬಂತು. "ಮೊನ್ನೆ ಮೊಟ್ಟೆ ಬೇಯಿಸ್ತೀನಿ ಅಂತ ಈಸ್ಕೊಂಡು ಓದ್ಯಲ್ಲ ಮಗ. ಮೊಟ್ಟೆ ಬೇಯ್ಸುದ್ರೆ ಕ್ಯಾಂಡ್ಲು ವಾಸ್ನೆ ಬತ್ತದಾ?"

ಶಂಕರ್ ಬಾಣಲೆಯನ್ನು ನೋಡುತ್ತ ಕೂತ. ಆ ಬಿಳಿಯ ಕಲೆಯನ್ನು ಬೆರಳಿನಿಂದ ಮುಟ್ಟಿ ಹೇಳಿದ.

"ಅಕ್ಕನ ಮಗಳ ಮದುವೆ ಇತ್ತು. ಮಣ್ಣೇ ತಾನೆ, ಎಲ್ಲೋಯ್ತದೆ ಅಂದ್ಕೊಂಡೆ. ನಿನ್ನೆ ಬ್ಯಾಟ್ರಿ ಬಿಟ್ಕೊಂಡು ಕರಿಯಣ್ಣ ಬಂದ. ಎಲ್ರೂ ದೆವ್ವ ಅಂತ ಎದ್ರುದ್ರೆ ಅವನೊಬ್ಬ ನೋಡೋಕ್ ಬಂದ. 'ಇದೇನ್ಲಾ ಸಂಕ್ರ, ಎಂಜಿನಿಯರ್ರಿಗೆ ಯೋಳ್ತೀನಿ' ಅಂದ. ಕೈ ಇಡ್ಕೊಂಡೆ, ಕೊಸರ್ಕೊಂಡ. ತಳ್ಳಿದೆ. ತೂಬಿನ ಕಲ್ಲು ತಲೆಗೆ ಬಡೀತು." ಅವನು ಕುಳ್ಳಮ್ಮನ ಕಡೆ ನೋಡಲಾರದೆ ಹೋದ. "ನೀರಿನ ಡ್ರಮ್ಮಿನ ಗಾಡೀಲಿ ತಂದೆ. ದೆವ್ವದ ಮ್ಯಾಲೆ ಹಾಕ್ತಾರೆ ಅಂದ್ಕೊಂಡೆ, ನರಸಣ್ಣನ ಮ್ಯಾಲೆ ಅಂತ ಗೊತ್ತಿರ್ಲಿಲ್ಲ."

"ಬೆಳಿಗ್ಗೆ ಗೊತ್ತಾಯ್ತಲ್ಲ," ಎಂದಳು ಬೆಟ್ಟಮ್ಮ. "ಆಗ್ಲೂ ಬಾಯಿ ಬುಡ್ಲಿಲ್ಲ ನೀನು. ನೀನೇ ಕೊಟ್ಟ ನೀರು ಇವ್ಳು ಕುಡುದ್ಲು."

ಮುಂದಿನ ವಾರ ಎರಡನೇ ಗುಳಿಯ ಪಕ್ಕದಲ್ಲೇ ಮತ್ತೆ ಕೊರೆದರು. ಭಾನುವಾರವಾದ್ದರಿಂದ ಪದ್ಮಳೂ ಹೋಗಿ ನಿಂತಿದ್ದಳು. ಒಂಬತ್ತು ಮೀಟರಿನಲ್ಲಿ ಗುಂಡನ್ನು ರಾಡಿನ ಮೇಲೆ ಇಟ್ಟರು. ಒಂದು ಏಟೂ ಇಲ್ಲದೆ ರಾಡು ಸರ್ರನೆ ಒಳಗಿಳಿಯಿತು. ಕಾರಣ ಗೊತ್ತಿದ್ದೂ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಧರ್ಮೇಂದ್ರ ತಾನೇ ಪುಸ್ತಕ ಹಿಡಿದು ಅದನ್ನು ಬರೆದುಕೊಂಡು, ನರಸಯ್ಯನ ಸಹಿ ಹಾಕಿಸಿದ.

ಮತ್ತೆ ಕೊರೆದದ್ದು ಹದಿನೆಂಟು ಮೀಟರ್, ಬಂಡೆ ಸಿಗುವವರೆಗೆ. ಏಳು ಸಾವಿರದ ಇನ್ನೂರು ರೂಪಾಯಿ ಆಯಿತು. ಸೇತುವೆಯ ಕಂಬ ಆ ಬಂಡೆಯ ಮೇಲೆ ನಿಂತಿತು. ನರಸಯ್ಯನಿಗೆ ಕೆಲಸವೂ ಮಾತಿನ ಬೆಲೆಯೂ ಉಳಿಯಿತು. ಶಂಕರ್ ಜೈಲಿಗೆ ಹೋದ. ಕುಳ್ಳಮ್ಮನಿಗೆ ಗಂಡ ಹೋದ, ಅದಕ್ಕೆ ಬದಲು ಏನೂ ಸಿಗಲಿಲ್ಲ. ನಾಲ್ಕು ದಿನ ಗೋಣಿಗೆ ಚಿಮುಕಿಸಬೇಕಿದ್ದ ನೀರಿಗೆ ಮಾತ್ರ ಯಾವ ಬೆಲೆಯೂ ಇರಲಿಲ್ಲ. ಹೊಳೆ ಪಕ್ಕದಲ್ಲೇ ಹರಿಯುತ್ತಿತ್ತು.