ಕಿವಿಯ ಫ್ರೀಕ್ವೆನ್ಸಿ

ಹಿಂದಿನ ಗಾಜು ಒಡೆದು ನನ್ನ ಕುತ್ತಿಗೆಯ ಮೇಲೆ ಸುರಿಯಿತು!

"ತಲೆ ಬಗ್ಗಿಸಿ!" ಎಂದು ಕಿರುಚಿದೆ.

ಪಕ್ಕದಲ್ಲಿದ್ದ ಗ್ರಾಸಿಯಾನ್ ಸೀಟಿನಿಂದ ಜಾರಿ ಕೆಳಗೆ ಮುದುಡಿಕೊಂಡಳು. ಹಿಂದಿನ ಸೀಟಿನಲ್ಲಿದ್ದ ಅವಳ ಗಂಡ ಡೆಲ್ಬರ್ಟ್ ನಾನು ಹೇಳುವ ಮುಂಚೆಯೇ ಮಲಗಿಬಿಟ್ಟಿದ್ದ. ಪರವಾಗಿಲ್ಲ, ಚುರುಕು ಮನುಷ್ಯ ಎಂದುಕೊಂಡೆ.

ಕನ್ನಡಿಯಲ್ಲಿ ಬೂದು ಬಣ್ಣದ ಪಿಕಪ್. ಒಳಗೆ ಇಬ್ಬರು. ಒಬ್ಬನ ಕೈಯಲ್ಲಿ ರೈಫಲ್.

ಬ್ರೇಕ್ ತುಳಿದೆ. ಅವರ ಗಾಡಿ ನನ್ನ ಹಿಂಬದಿಗೆ ಗುದ್ದಿ, ಒಂದು ಸುತ್ತು ತಿರುಗಿ, ರಸ್ತೆ ಬಿಟ್ಟು ಪೊದೆಗಳ ನಡುವೆ ನುಗ್ಗಿತು. ನಾನು ಬಲಕ್ಕೆ ತಿರುಗಿಸಿ ಕಚ್ಚಾ ರಸ್ತೆ ಹಿಡಿದೆ.

"ಬದುಕಿದೀರಾ?"

"ಬದುಕಿದೀನಿ. ನೀವು ರಸ್ತೆ ನೋಡಿ, ಅರಂಬೆಲ್," ಎಂದಳು ಗ್ರಾಸಿಯಾನ್.

ಅವಳು ಟಾಲ್ಮಡ್ಜ್‌ನ ದನದ ರ್‍ಯಾಂಚಿನಲ್ಲಿ ಅಡುಗೆಯವಳು. ಕಾಲುವೆ ನೀರಿನ ಜಗಳದಲ್ಲಿ ಅವನು ಪಕ್ಕದ ರೈತನನ್ನು ಗುಂಡಿಟ್ಟು ಕೊಂದದ್ದನ್ನು ಅಡುಗೆಮನೆ ಕಿಟಕಿಯಿಂದ ನೋಡಿದ್ದಳು. ಊಟದ ನಂತರ ಎಲ್ಕೊ ಕೋರ್ಟಿನಲ್ಲಿ ಸಾಕ್ಷಿ. ಅವಳು ತಲುಪಿದರೆ ಟಾಲ್ಮಡ್ಜ್ ಜೈಲಿಗೆ, ಇಲ್ಲದಿದ್ದರೆ ಮನೆಗೆ. ಅವಳನ್ನು ಜೀವಸಹಿತ ತಲುಪಿಸುವುದು ನನ್ನ ಕೆಲಸ.

ಈ ಕಡೆ ಫೋನ್ ಅಂದರೆ ಬರೀ ಗಡಿಯಾರ. ಸಿಗ್ನಲ್ ಎಂಬುದೇ ಇಲ್ಲ! ನನಗಿದ್ದದ್ದು ಡ್ಯಾಶ್‌ಬೋರ್ಡಿನ ಮೇಲಿನ, ಊರವರ ರೇಡಿಯೋ ಮಾತು ಹಿಡಿದು ಕೇಳಿಸುವ ಸ್ಕ್ಯಾನರ್ ಒಂದೇ.

ಪ್ರಯಾಣ ಅಂದರೆ ಜನ ಬಟ್ಟೆ ಜೋಡಿಸುತ್ತಾರೆ. ನಾನು ಫ್ರೀಕ್ವೆನ್ಸಿ ಜೋಡಿಸುತ್ತೇನೆ. ನೆವಾಡಾದ ಬೆಟ್ಟಬೆಟ್ಟದ ನೆತ್ತಿಯಲ್ಲೂ ಹವ್ಯಾಸಿ ಹ್ಯಾಮ್ ರೇಡಿಯೋದವರು ಒಂದೊಂದು ರಿಪೀಟರ್ ಕೂರಿಸಿದ್ದಾರೆ. ಯಾರೋ ಕಣಿವೆಯಲ್ಲಿ ಮಾತಾಡುತ್ತಾರೆ, ಬೆಟ್ಟ ಅದನ್ನು ಕೇಳಿಸಿಕೊಂಡು ಮೈಲಿಗಟ್ಟಲೆ ಕೂಗಿ ಹೇಳುತ್ತದೆ. ರಸ್ತೆಗೆ ತಕ್ಕ ಹಾಗೆ ಅವನ್ನೆಲ್ಲ ಸಾಲಾಗಿ ಸ್ಕ್ಯಾನರಿಗೆ ತುಂಬಿಸಿಕೊಂಡರೆ, ಮುಂದೆ ಹಿಮ ಬಿದ್ದಿದೆಯೇ, ದನ ಅಡ್ಡ ಬಂದಿದೆಯೇ, ಪೊಲೀಸ್ ನಿಂತಿದ್ದಾನೆಯೇ, ಎಲ್ಲ ಗೊತ್ತಾಗುತ್ತದೆ.

ಒಂದೇ ತೊಂದರೆ... ಸ್ಕ್ಯಾನರ್ ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಪಕ್ಕದಲ್ಲಿ ಕೊಲೆಯಾದರೂ ನಾನು ಯಾರನ್ನೂ ಕೂಗಲಾರೆ!

ಟಕ್... ಟಕ್...

ಸ್ಕ್ಯಾನರಿನಲ್ಲಿ ಎರಡು ಸಲ ಸದ್ದು. ಅದರ ಹಿಂದೆಯೇ ಒಂದು ಮುದಿ ಹೆಂಗಸಿನ ಸಿಡುಕು ದನಿ.

"ಯಾರಪ್ಪಾ ಅದು, ಬೆಳಗಿನಿಂದ ಬಟನ್ ಒತ್ತಿ ಆಟ ಆಡ್ತಿರೋದು? ಬಾಯಿ ಬಿಟ್ಟು ಹೆಸರು, ಕಾಲ್‌ಸೈನ್ ಹೇಳೋಕೆ ಏನ್ ರೋಗ? ನಾನು ಓಪಲ್. ಈ ರಿಪೀಟರ್ ನಮ್ಮ ಕ್ಲಬ್ಬಿಂದು, ನಿಮ್ಮಪ್ಪಂದಲ್ಲ!"

ಆ ಪರಿಸ್ಥಿತಿಯಲ್ಲೂ ನಗು ಬಂತು. ರಸ್ತೆ ಕವಲೊಡೆಯಿತು. ಎಡಕ್ಕೆ ತಿರುಗಿಸಿದೆ.

ಟಕ್.

ಈ ಸಲ ಒಂದೇ. ಹಳೆಯ ಸುಣ್ಣದ ಗಣಿ ದಾಟಿದೆವೋ ಇಲ್ಲವೋ, ರಸ್ತೆಯ ನಡುವೆ ಮೂರನೆಯವನೊಬ್ಬ ನಿಂತಿದ್ದ. ಆಗಲೇ ರೈಫಲ್ ಭುಜಕ್ಕೇರಿತ್ತು!

ಯೋಚಿಸುವುದಕ್ಕೆ ಹೊತ್ತಿರಲಿಲ್ಲ. ಆಕ್ಸಿಲರೇಟರ್ ತುಳಿದೆ. ಅವನು ಒಂದು ಗುಂಡು ಹಾರಿಸಿದ. ಇನ್ನೊಂದು ಹಾರಿಸುವಷ್ಟರಲ್ಲಿ ಬಾನೆಟ್ಟಿನ ಮೇಲೆ ಬಂದು ಬಿದ್ದು, ಗಾಜಿಗೆ ಮುಖ ಒರೆಸಿ, ಆಚೆ ಉರುಳಿಹೋದ. ಗಾಜಿನ ಮೇಲೆ ರಕ್ತ. ವೈಪರ್ ಹಾಕಿದೆ.

ಇದ್ದಕ್ಕಿದ್ದಂತೆ ನಾನು ಹಿಡಿದ ದಾರಿ ಇವನಿಗೆ ಹೇಗೆ ಗೊತ್ತಾಯಿತು? ನನಗೇ ಗೊತ್ತಿರಲಿಲ್ಲವಲ್ಲ!

ಆಗ ತಲೆ ಓಡಿತು. ಬಲಕ್ಕೆ ತಿರುಗಿದಾಗ ಎರಡು ಟಕ್. ಎಡಕ್ಕೆ ತಿರುಗಿದಾಗ ಒಂದು!

ನೋಡಿ, ರಿಪೀಟರಿಗೆ ಎರಡು ಫ್ರೀಕ್ವೆನ್ಸಿ. ಕೇಳುವ ಕಿವಿ ಒಂದು, ಕೂಗುವ ಬಾಯಿ ಇನ್ನೊಂದು. ಎಲ್ಲರೂ ಬಾಯಿಯದನ್ನು ಮಾತ್ರ ತುಂಬಿಸಿಕೊಳ್ಳುತ್ತಾರೆ. ನಾನು ಕಿವಿಯದನ್ನೂ ತುಂಬಿಸುತ್ತೇನೆ. ಬಾಯಿಯಲ್ಲಿ ಕೇಳಿದ ದನಿ ಎಲ್ಲಿಂದಲಾದರೂ ಬಂದಿರಬಹುದು. ಕಿವಿಯದರಲ್ಲಿ ಕೇಳಿಸಿತೆಂದರೆ ಆಸಾಮಿ ಹತ್ತಿರದಲ್ಲೇ ಇದ್ದಾನೆ.

ಬಟನ್ ಒತ್ತಿ ಕಿವಿಗೆ ಬದಲಿಸಿದೆ. ಬೇಕೆಂದೇ ಇನ್ನೊಮ್ಮೆ ಎಡಕ್ಕೆ ತಿರುಗಿಸಿದೆ.

ಟಕ್!

ಸ್ಕ್ಯಾನರಿನ ಸಿಗ್ನಲ್ ಪಟ್ಟಿ ಪೂರ್ತಿ ತುಂಬಿ ನಿಂತಿತು. ಹತ್ತಿರ ಅಲ್ಲ... ಗಾಡಿಯೊಳಗೇ!

ಕನ್ನಡಿ ನೋಡಿದೆ. ಡೆಲ್ಬರ್ಟನ ಬಲಗೈ ಕೋಟಿನ ಜೇಬಿನಲ್ಲಿತ್ತು. ಹೆಬ್ಬೆರಳು ಅಲುಗಿ ಸುಮ್ಮನಾಯಿತು.

ಮೈಯೆಲ್ಲ ಉರಿದುಹೋಯಿತು. ಆದರೂ ಗಾಡಿ ಓಡಿಸುತ್ತಲೇ ಇದ್ದೆ. ಮುಂದೆ ದನದ ಬೇಲಿಯ ಕಬ್ಬಿಣದ ಗೇಟು ಬಂತು. ನಮ್ಮ ಕಡೆ ಗಾಡಿ ಓಡಿಸುವವನು ಇಳಿಯುವುದಿಲ್ಲ. ಜೊತೆಗಿದ್ದವನು ಇಳಿದು ಗೇಟು ತೆಗೆಯಬೇಕು. ಗ್ರಾಸಿಯಾನ್ ಬಾಗಿಲಿಗೆ ಕೈ ಹಾಕಿದಳು. ಅವಳ ಮಣಿಕಟ್ಟು ಹಿಡಿದುಕೊಂಡೆ.

"ಡೆಲ್, ನೀನು ಇಳಿಯಯ್ಯಾ."

ಅವನು ಇಳಿದ. ನಾನೂ ಇಳಿದೆ.

"ಜೇಬಲ್ಲೇನಿದೆ?"

"ಸಿಗರೇಟು."

"ತೆಗಿ. ನಂಗೂ ಒಂದು ಕೊಡು."

ಎಡಗೈ ಬೆನ್ನ ಹಿಂದೆ ಹೋಯಿತು. ಪಿಸ್ತೂಲು! ಗುಂಡು ನನ್ನ ಮುಂಗೈ ಸೀಳಿಕೊಂಡು ಹೋಯಿತು. ನಾನು ಇಡೀ ಮೈಭಾರ ಹಾಕಿ ಗೇಟನ್ನು ಅವನ ಮೇಲೆ ನೂಕಿದೆ. ಗೇಟಿಗೂ ಕಂಬಕ್ಕೂ ನಡುವೆ ಅವನ ತೋಳು ಸಿಕ್ಕಿ ಲಟಕ್ ಎಂದಿತು. ಪಿಸ್ತೂಲು ಒಂದು ಕಡೆ, ಪುಟ್ಟ ರೇಡಿಯೋ ಇನ್ನೊಂದು ಕಡೆ ಬಿದ್ದವು. ಡೆಲ್ಬರ್ಟ್ ಕುಸಿದು ಕೂತು ಊಳಿಟ್ಟ.

ಗ್ರಾಸಿಯಾನ್ ಇಳಿದು ಬಂದು ರೇಡಿಯೋ ಎತ್ತಿಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು.

"ಟಾಲ್ಮಡ್ಜ್ ಏನ್ ಕೊಡ್ತೀನಿ ಅಂದ, ಡೆಲ್?"

"ಗ್ರೇಸಿ... ನದಿ ಪಕ್ಕದ ಜಮೀನು... ನಮ್ಮಿಬ್ಬರಿಗೇ ಕಣೇ! ಬರೀ ಹೆದರಿಸ್ತೀವಿ ಅಂದ್ರು..."

"ನನ್ನ ತಲೆ ಹಿಂದೆ ಗಾಜು ಒಡೀತು. ನೀನು ಮೊದಲೇ ಮಲಗಿದ್ದೆ."

ದೂರದಲ್ಲಿ ಧೂಳೆದ್ದಿತು. ಬೂದು ಪಿಕಪ್ ಪೊದೆಯಿಂದ ಮೇಲೆದ್ದು ಬಂದಿತ್ತು.

"ಬಿಟ್ಟು ಹೋಗ್ಬೇಡ್ರೀ!"

"ಯಾಕಪ್ಪಾ? ಬರ್ತಿರೋರು ನಿನ್ನ ಸ್ನೇಹಿತರೇ ತಾನೇ?" ಎಂದು ಪಿಸ್ತೂಲು ಎತ್ತಿಕೊಂಡೆ.

ಗ್ರಾಸಿಯಾನ್ ಹಿಂದೆ ನೋಡದೆ ಗಾಡಿ ಹತ್ತಿದಳು. "ನಡೀರಿ."

ಸ್ಕ್ಯಾನರನ್ನು ಮತ್ತೆ ಬಾಯಿಯ ಫ್ರೀಕ್ವೆನ್ಸಿಗೆ ಬದಲಿಸಿದೆ. ಗುಡ್ಡ ಇಳಿಯುವಷ್ಟರಲ್ಲಿ ಅದು ಗರಗರ ಎಂದಿತು. ಇಷ್ಟು ಹೊತ್ತು ಬರೀ ಟಕ್ ಟಕ್ ಕೇಳಿಸಿಕೊಂಡು ನಮ್ಮನ್ನು ಬೆನ್ನಟ್ಟುತ್ತಿದ್ದವರು ಸಿಟ್ಟಿನಲ್ಲಿ ಬಾಯಿ ಬಿಟ್ಟಿದ್ದರು.

"ಲೈಲ್, ಗಂಡ ಒಬ್ಬನೇ ಸಿಕ್ಕಿದಾನೆ. ಕೈ ಮುರಿದಿದೆ. ಅವಳು ಇಲ್ಲ."

ಲೈಲ್ ಅಂದರೆ ಟಾಲ್ಮಡ್ಜ್‌ನ ಆಳುಗಳ ಮೇಸ್ತ್ರಿ. ಅವನ ದನಿ ಗ್ರಾಸಿಯಾನ್‌ಗೆ ಚೆನ್ನಾಗಿ ಗೊತ್ತು. ದಿನಾ ಅವನಿಗೆ ಕಾಫಿ ಬಗ್ಗಿಸಿದವಳು.

"ಅವನು ನಿಮ್ಮಿಬ್ಬರ ಮುಖ ನೋಡಿದ್ನಾ?"

"ನೋಡ್ದ."

"ಮತ್ತೆ ನನ್ನನ್ನೇನ್ ಕೇಳ್ತೀಯೋ, ದಡ್ಡ?"

"ಸರಿ." ಅವನು ಬಟನ್ ಬಿಡುವುದನ್ನು ಮರೆತ. ದೂರದಿಂದ ಡೆಲ್ಬರ್ಟನ ಗೋಳು ಕೇಳಿಸಿತು. "ಬೇಡ... ನಾನು ನಿಮ್ಮವನೇ ಕಣ್ರೋ..."

ಢಂ!

ಪಕ್ಕದಲ್ಲಿ ಕೂತವಳ ಕಡೆ ನೋಡಿದೆ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಆ ಸದ್ದನ್ನು ಬೆಟ್ಟ ಕಣಿವೆಕಣಿವೆಗೂ ಕೂಗಿ ಹೇಳಿತ್ತು.

"ಏನದು?" ಓಪಲ್‌ಳ ಸಿಡುಕು ಇಳಿದುಹೋಗಿತ್ತು. "ಯಾರಿಗೆ ಏನಾಯ್ತು?"

ಗ್ರಾಸಿಯಾನ್ ಕೈಯಲ್ಲಿದ್ದ ರೇಡಿಯೋ ನೋಡಿದಳು. ನಾನು ಬಟನ್ ತೋರಿಸಿದೆ. ಒತ್ತಿದಳು.

"ನನ್ನ ಗಂಡನ್ನ ಕೊಂದ್ರು. ಟಾಲ್ಮಡ್ಜ್ ಕಡೆಯೋರು. ಈಗ ನನ್ನ ಹಿಂದೆ ಬರ್ತಿದಾರೆ. ರೇಡಿಯೋದಲ್ಲಿ ಮಾತಾಡೋಕೆ ನನ್ನ ಹತ್ರ ಲೈಸೆನ್ಸ್ ಇಲ್ಲಮ್ಮಾ..."

"ಜೀವ ಹೋಗೋವಾಗ ಲೈಸೆನ್ಸ್ ಯಾರು ಕೇಳ್ತಾರೆ ಮಗಳೇ! ಎಲ್ಲರೂ ಚಾನೆಲ್ ಬಿಡಿ! ತುರ್ತು! ನೀನು ಮಾತಾಡು, ಎಲ್ಲಿದೀಯ?"

ಅವಳು ಹೇಳಿದಳು. ಓಪಲ್ ತನ್ನ ಮನೆಯಿಂದ ಶೆರಿಫ್‌ಗೆ ಫೋನ್ ಮಾಡಿದಳು. ಬೂದು ಪಿಕಪ್ ಮತ್ತೆ ಕನ್ನಡಿಯಲ್ಲಿ ಮೂಡಿತು. ಒಂದು ಗುಂಡು ನನ್ನ ಟೈರಿಗೆ ಬಿತ್ತು. ಬರೀ ರಿಮ್ಮಿನ ಮೇಲೆ ಕಿಡಿ ಹಾರಿಸುತ್ತ ಹೆದ್ದಾರಿ ಮುಟ್ಟಿದೆವು. ಅಲ್ಲಿ ರಸ್ತೆಯುದ್ದಕ್ಕೂ ರೇಡಿಯೋ ಕೇಳಿಸಿಕೊಂಡ ಮುದುಕರು! ಎರಡು ಹುಲ್ಲಿನ ಲಾರಿ ನಡುವೆ ನಮಗಷ್ಟೇ ಜಾಗ ಬಿಟ್ಟು, ನಾವು ನುಗ್ಗಿದ ಕೂಡಲೇ ಮುಚ್ಚಿಬಿಟ್ಟರು.

ಬೂದು ಪಿಕಪ್ ನಿಲ್ಲಲಿಲ್ಲ. ಸೀದಾ ಲಾರಿಯ ಕೆಳಗೆ ನುಗ್ಗಿತು. ಓಡಿಸುತ್ತಿದ್ದವನ ತಲೆ ಉಳಿಯಲಿಲ್ಲ. ಇನ್ನೊಬ್ಬ ತೆವಳಿಕೊಂಡು ಹೊರಬಂದು, ಕೇಳುವ ಮುಂಚೆಯೇ ಲೈಲ್‌ನ ಹೆಸರು ಹೇಳತೊಡಗಿದ.

ಹೇಳಿದ ಹೊತ್ತಿಗೆ ಶೆರಿಫ್‌ನ ಗಾಡಿಯಲ್ಲಿ ಕೋರ್ಟಿಗೆ ಹೋದೆವು. ನನ್ನ ಕೈಗೆ ಬ್ಯಾಂಡೇಜು. ಅವಳ ತಲೆಗೂದಲಲ್ಲಿ ಇನ್ನೂ ಗಾಜಿನ ಚೂರು. ಅವಳನ್ನು ಕಂಡು ಟಾಲ್ಮಡ್ಜ್‌ನ ಮುಖ ಬಿಳಿಚಿಕೊಂಡಿತು. ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿ ಮುಗಿಸಿದಳು.

ಅವನ ಲಾಯರು ಎದ್ದು ನಿಂತು, ಕೋಟು ಸರಿಮಾಡಿಕೊಂಡು, ಸಿಹಿಯಾಗಿ ಕೇಳಿದ.

"ತಾವು ಡೆಲ್ಬರ್ಟ್ ಅವರ ಹೆಂಡತಿ, ಅಲ್ಲವೇ?"

ಗ್ರಾಸಿಯಾನ್ ಟಾಲ್ಮಡ್ಜ್‌ನನ್ನೇ ನೆಟ್ಟ ದೃಷ್ಟಿಯಿಂದ ನೋಡಿದಳು.

"ಇವತ್ತು ಊಟದ ಹೊತ್ತಿನವರೆಗೂ ಹೌದು."