ಕೆಸರುಗಾಲಿನ ಪಾವ್ಲಿನಮ್ಮ ಮತ್ತು ಯುವರಾಣಿ ಸೆರಫಿನ

ಬಹಳ ಹಿಂದೆ, ಏಳು ಕಡಲುಗಳಾಚೆ, ಗಾಳಿಯೂ ದಾರಿ ಕೇಳಿಕೊಂಡು ಹೋಗಬೇಕಾದಷ್ಟು ದೂರದಲ್ಲಿ ಮುತ್ತಿನಕೋಟೆ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಮನೆತನ ಸಾಮಾನ್ಯದ್ದಲ್ಲ. ಒಂಬತ್ತು ತಲೆಮಾರುಗಳಿಂದ ಆ ಮನೆಯಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ, ಒಬ್ಬರೂ ಭಾನುವಾರದ ಪೂಜೆ ತಪ್ಪಿಸಿರಲಿಲ್ಲ, ಕೊಟ್ಟ ಮಾತಿನಿಂದ ಒಬ್ಬರೂ ಹಿಂದೆ ಸರಿದಿರಲಿಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆ, ಊಟದ ಬಳಿಕ ಪ್ರಾರ್ಥನೆ, ನಡುವೆ ಸದ್ದು ಮಾಡಿ ಅಗಿಯುವಂತಿಲ್ಲ. ಅವರ ಬಟ್ಟೆಯ ಬಿಳುಪು ಕಂಡು ಕೊಕ್ಕರೆಗಳು ನಾಚುತ್ತಿದ್ದವಂತೆ. ಅಂಥ ಮನೆಯ ಮಗಳು ಯುವರಾಣಿ ಸೆರಫಿನ.

ತಂದೆ ತೀರಿಕೊಂಡ ಮೇಲೆ, ಈಸ್ಟರ್ ಹಬ್ಬದ ದಿನ ಅವಳಿಗೆ ಕಿರೀಟ ತೊಡಿಸುವುದೆಂದು ನಿಶ್ಚಯವಾಯಿತು. ಅದಕ್ಕೆ ಮುಂಚಿನ ಪವಿತ್ರ ಗುರುವಾರ ಒಂದು ಪದ್ಧತಿಯಿತ್ತು. ಯೇಸುಸ್ವಾಮಿ ತಮ್ಮ ಶಿಷ್ಯರ ಪಾದ ತೊಳೆದಂತೆ, ನಾಡನ್ನು ಆಳುವವರು ಮಂಡಿಯೂರಿ ಹನ್ನೆರಡು ಪ್ರಜೆಗಳ ಪಾದ ತೊಳೆಯಬೇಕು. ಮೊದಲ ಅರಸ ಬೆಸ್ತರ ಪಾದ ತೊಳೆದ, ಕುಂಬಾರರ ಪಾದ ತೊಳೆದ. ಬರಬರುತ್ತಾ ಅರಮನೆಯವರ ಅಚ್ಚುಕಟ್ಟು ಹೆಚ್ಚಿತು. ಪಾದ ತೊಳೆಸಿಕೊಳ್ಳಲು ಬರುವವರು ಮೊದಲೇ ಕೊಳದಲ್ಲಿ ಕಾಲು ತೊಳೆದು, ಉಗುರು ಕತ್ತರಿಸಿ, ಗಂಧ ಪೂಸಿಕೊಂಡು ಬರಬೇಕೆಂದು ಕಟ್ಟಳೆಯಾಯಿತು.

ಆ ವರ್ಷ ಉಪ್ಪು ಹೊರುವ ಪಾವ್ಲಿನಮ್ಮ ಅರಮನೆಯ ಬಾಗಿಲಿಗೆ ಬಂದಳು. ಅವಳ ಬೆನ್ನಿಗೆ ಇಡೀ ಕೆಳಪೇಟೆ ನಿಂತಿತ್ತು. ಎಲ್ಲರಿಗೂ ಮೊಣಕಾಲಿನವರೆಗೆ ಕೆಸರು.

"ಇದೇನು ಕಾಲು?" ಎಂದಳು ಸೆರಫಿನ.

"ಕಾಲೇ, ದೊರೆಸಾನಿ. ಕೆಲಸದಿಂದ ನೆಟ್ಟಗೆ ಬಂದೆ. ನೀವು ತೊಳೆಯುತ್ತೀರಿ ಅಂತ ಕೇಳಿದೆ."

"ತೊಳೆಯುತ್ತೇನೆ. ಮೊದಲು ನೀನು ತೊಳೆದುಕೊಂಡು ಬಾ."

ಪಾವ್ಲಿನಮ್ಮ ನಕ್ಕೇಬಿಟ್ಟಳು. "ನಾನೇ ತೊಳೆದುಕೊಂಡು ಬಂದರೆ ನೀವು ತೊಳೆಯುವುದು ಏನನ್ನು?"

"ಶಿಸ್ತು ಎಂದರೆ ಶಿಸ್ತು. ಬಾಗಿಲು ಹಾಕಿ," ಎಂದಳು ಸೆರಫಿನ.

ಕಾಳಬೆಟ್ಟದ ಮಾಂತ್ರಿಕ ಝರ್ಮೋಲ ಇದಕ್ಕೇ ಕಾದಿದ್ದ. ಅರಸುಮನೆಯ ಬಾಗಿಲಿನಿಂದ ಹಿಂದೆ ಕಳಿಸಿದವರ ಮೇಲೆ ಮಾತ್ರ ಅವನ ಮಂತ್ರ ನಡೆಯುತ್ತಿತ್ತು. ಅವನು ಕೋಲು ಬೀಸಿದ. ಕೆಳಪೇಟೆಯ ಜನರೆಲ್ಲ ಕುರಿಗಳಾದರು. "ಈಸ್ಟರ್ ಗಂಟೆ ಬಾರಿಸುವುದರೊಳಗೆ ಬಿಡಿಸಿಕೊಳ್ಳದಿದ್ದರೆ ಇವು ಎಂದೆಂದಿಗೂ ಕುರಿಗಳೇ!" ಎಂದು ಕೂಗಿ, ಮಂದೆಯನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋದ.

"ಸೈನ್ಯ ಕಳಿಸೋಣ," ಎಂದ ಮಂತ್ರಿ.

"ಬಾಗಿಲು ಹಾಕಿಸಿದವಳು ನಾನು. ಹೋಗಬೇಕಾದವಳೂ ನಾನೇ," ಎಂದು ಸೆರಫಿನ ಒಬ್ಬಳೇ ಹೊರಟಳು.

ಕಾಡಿನ ಬಾಯಲ್ಲಿ ಬೆಂಕಿಗಣ್ಣಿನ ತೋಳ ಅಡ್ಡ ನಿಂತಿತ್ತು. "ಏನಾದರೂ ಕೊಡು, ದಾರಿ ಬಿಡುತ್ತೇನೆ," ಎಂದಿತು. ಅವಳು ಮುತ್ತಿನ ಹಾರ ಕೊಟ್ಟಳು. ತೋಳ ಕಚ್ಚಿ ನೋಡಿ ಉಗುಳಿತು. "ನಾನೇನು ಮದುಮಗಳೇ? ನನಗೆ ಹಸಿವು!"

ಅವಳ ಬಳಿ ಒಂದೇ ಒಂದು ರೊಟ್ಟಿ ಇತ್ತು. "ನಾನು ನಿನ್ನೆಯಿಂದ ಉಪವಾಸ," ಎಂದಳು.

"ನಾನು ಮೊನ್ನೆಯಿಂದ," ಎಂದಿತು ತೋಳ.

ಅವಳು ರೊಟ್ಟಿಯನ್ನು ಒಮ್ಮೆ ನೋಡಿದಳು. ಮುರಿಯದೆ ಇಡಿಯಾಗಿ ಕೊಟ್ಟಳು. ತೋಳ ತಿಂದು, ಬಾಲ ಆಡಿಸಿ, ದಾರಿ ಬಿಟ್ಟಿತು.

ಮುಂದೆ ಸೀಸದ ಬಣ್ಣದ ಹೊಳೆ. ಅದರಲ್ಲಿ ಒಂಟಿಯಾಗಿ ಇಳಿದವರು ಮುಳುಗುತ್ತಿದ್ದರು, ಇನ್ನೊಬ್ಬರನ್ನು ಹೊತ್ತವರು ತೇಲುತ್ತಿದ್ದರು. ದಡದಲ್ಲಿ ಕುಂಟುಗತ್ತೆ ಕೂತಿತ್ತು. "ನನ್ನನ್ನು ಹೊತ್ತುಕೋ," ಎಂದಿತು.

"ಕತ್ತೆ ನನ್ನನ್ನು ಹೊರಬೇಕು. ನಾನು ಕತ್ತೆಯನ್ನು ಹೊರುವುದೇ?"

"ನಿನ್ನ ಕರ್ತನೇ ನನ್ನ ಮುತ್ತಜ್ಜಿಯ ಬೆನ್ನ ಮೇಲೆ ಊರಿಗೆ ಬಂದ. ಅವನಿಗಿಲ್ಲದ ನಾಚಿಕೆ ನಿನಗೇಕಮ್ಮ?"

ಸೆರಫಿನ ಬಾಗಿದಳು. ಕತ್ತೆ ಹೆಗಲೇರಿತು. ಅದರ ಗೊರಸು ಅವಳ ಬಿಳಿ ಉಡುಪಿನ ಮೇಲೆಲ್ಲ ಅಚ್ಚೊತ್ತಿತು. ಹೊಳೆ ಅವಳನ್ನು ಹೂವಿನಂತೆ ಆಚೆ ದಡಕ್ಕೆ ಮುಟ್ಟಿಸಿತು.

ಬೆಟ್ಟದ ಮೇಲೆ ಮಂದೆ ಮೇಯುತ್ತಿತ್ತು. "ಎಲ್ಲರೂ ಬನ್ನಿ!" ಎಂದು ಅವಳು ಅಪ್ಪಣೆ ಮಾಡಿದಳು. ಒಂದು ಕುರಿಯೂ ತಲೆ ಎತ್ತಲಿಲ್ಲ.

ಝರ್ಮೋಲ ಹೊಟ್ಟೆ ಹಿಡಿದುಕೊಂಡು ನಕ್ಕ. "ಕುರಿ ಅಪ್ಪಣೆಗೆ ಬರುವುದಿಲ್ಲ ತಾಯಿ, ಹೆಸರು ಹಿಡಿದು ಕರೆದರೆ ಬರುತ್ತದೆ. ಕರೆ! ಒಬ್ಬರ ಹೆಸರಾದರೂ ಗೊತ್ತೇ ನಿನಗೆ?"

ತನ್ನ ಒಂಬತ್ತು ತಲೆಮಾರಿನ ಹೆಸರುಗಳನ್ನು ಅವಳು ನಿದ್ದೆಯಲ್ಲೂ ಹೇಳಬಲ್ಲಳು. ಇವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಬಾಗಿಲಿಗೆ ಬಂದವಳ ಹೆಸರನ್ನೂ ಅವಳು ಕೇಳಿರಲಿಲ್ಲ. ಅವಳ ಮುಖ ಕಿವಿಯವರೆಗೂ ಕೆಂಪೇರಿತು.

"ಗೊತ್ತಿಲ್ಲ," ಎಂದಳು.

ಆಮೇಲೆ ಝರಿಯಿಂದ ನೀರು ತಂದಳು. ಹತ್ತಿರದ ಕುರಿಯ ಮುಂದೆ ಮಂಡಿಯೂರಿ, ಅದರ ಕೆಸರುಗಾಲನ್ನು ಮಡಿಲಲ್ಲಿಟ್ಟುಕೊಂಡು, ಮುಳ್ಳು ಕಿತ್ತು, ತೊಳೆದಳು. "ನಿಮ್ಮ ಹೆಸರೇನು?"

"ಜುವಾಂವ್. ಮಡಕೆ ಮಾಡುತ್ತೇನೆ," ಎಂದಿತು ಕುರಿ.

"ಜುವಾಂವಣ್ಣಾ, ಮನೆಗೆ ಬನ್ನಿ."

ಕುರಿಯಿದ್ದಲ್ಲಿ ಮನುಷ್ಯ ಎದ್ದು ನಿಂತ. ಝರ್ಮೋಲ ಒಂದು ಗೇಣು ಕುಗ್ಗಿದ. ಅವಳು ಇನ್ನೊಂದು ಕಾಲು ಹಿಡಿದಳು, ಇನ್ನೊಂದು ಹೆಸರು ಕೇಳಿದಳು, ಇನ್ನೊಬ್ಬರನ್ನು ಕರೆದಳು. ಬೆನ್ನು ನೊಂದಿತು, ಬೆರಳು ಬಿರಿಯಿತು, ಅವಳು ನಿಲ್ಲಿಸಲಿಲ್ಲ. ಮಾಂತ್ರಿಕ ಕುಂಬಳಕಾಯಿಯಷ್ಟಾದ, ನಿಂಬೆಯಷ್ಟಾದ, ಸಾಸಿವೆಯಷ್ಟಾದ. ಕಡೆಯ ಕುರಿ, "ಪಾವ್ಲಿನಮ್ಮ ಅಂತಾರೆ. ಮೆಲ್ಲಗೆ, ಹಿಮ್ಮಡಿ ಒಡೆದಿದೆ," ಎಂದಿತು. "ಪಾವ್ಲಿನಮ್ಮಾ, ಬನ್ನಿ," ಎಂದು ಸೆರಫಿನ ಕರೆಯುವುದಕ್ಕೂ ಇಗರ್ಜಿಯ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಝರ್ಮೋಲ ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

ಸೆರಫಿನ ರಾಣಿ ಬಹುಕಾಲ ಆಳಿದಳು. ಎಲ್ಲರೂ ಉಂಡ ಮೇಲೆ ಉಂಡಳು, ಪ್ರತಿಯೊಬ್ಬರನ್ನೂ ಹೆಸರಿನಿಂದ ಕರೆದಳು. ಅವಳ ಕಾಲದಲ್ಲಿ ಜನ ಸುಖವಾಗಿದ್ದರು. ಇಂಥ ರಾಣಿಯನ್ನು ಕೊಟ್ಟದ್ದಕ್ಕಾಗಿ ಮನೆಮನೆಯಲ್ಲೂ ದೇವರಿಗೆ ಸ್ತೋತ್ರ ಸಲ್ಲುತ್ತಿತ್ತು. ಆದರೆ ಆ ಸುಖಕ್ಕೆ ಅಡಿಗಲ್ಲು ಬಿದ್ದದ್ದು ಬೆಟ್ಟದ ಮೇಲಲ್ಲ, ಅವಳು ಕಿರೀಟ ತೊಟ್ಟ ಆ ಈಸ್ಟರ್ ದಿನದ ಹಬ್ಬದ ಊಟದಲ್ಲಿ.

ರಾಣಿ ತಾನೇ ನಿಂತು ಬಡಿಸುತ್ತಿದ್ದಳು. ಮಂತ್ರಿ ಎದ್ದು ಅವಳ ಮನೆತನವನ್ನು ಬಾಯ್ತುಂಬ ಹೊಗಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾವ್ಲಿನಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಆಮೇಲೆ ಕೈ ಒರೆಸಿಕೊಂಡು ಎದ್ದಳು.

"ನಮ್ಮನ್ನು ಬಿಡಿಸಿ ತಂದಿರಿ, ದೊರೆಸಾನಿ. ಬದುಕಿರುವ ತನಕ ಈ ಉಪಕಾರ ಮರೆಯುವುದಿಲ್ಲ. ದಿನವೂ ನಿಮ್ಮ ಹೆಸರಲ್ಲಿ ಪ್ರಾರ್ಥನೆ ಮಾಡುತ್ತೇನೆ."

ರಾಣಿ ತಲೆ ಬಾಗಿಸಿದಳು.

"ಅದು ಬೆಟ್ಟದ ಮಾತಾಯಿತು. ಇನ್ನು ಬಾಗಿಲಿನ ಮಾತು. ಅಲ್ಲಿ ಇಷ್ಟೂ ಜನರ ಎದುರು ನನ್ನನ್ನು ಹಿಂದೆ ಕಳಿಸಿದಿರಿ. ಇಷ್ಟೂ ಜನ ಇಲ್ಲೇ ಇದ್ದಾರೆ. ಕ್ಷಮೆ ಕೇಳಿ."