ಗೊರಕಪ್ಪ ಎಲ್ಲಿ ಸೋರುತ್ತಾನೆ?

ಹೊರಗೆ ಅಪ್ಪನ ಚಪ್ಪಲಿ ಸದ್ದು ಕೇಳಿತು. ಚೋಟು ಗಡಿಬಿಡಿಯಿಂದ ನೆಲ ಒರೆಸಿ, ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಹಗ್ಗದ ಸುರುಳಿಯ ಹಿಂದೆ ತುರುಕಿದಳು.

"ಏನಿದು ಆಶ್ಚರ್ಯ! ಭಾನುವಾರ ಇಷ್ಟು ಬೇಗ ಎದ್ದಿದ್ದೀಯಾ?" ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದ. "ಸ್ಕೂಲಿದ್ದ ದಿನ ಮುಖಕ್ಕೆ ನೀರು ಎರಚಿದ್ರೂ ಏಳಲ್ಲ."

"ಸುಮ್ನೆ ಬಂದೆ ಅಪ್ಪ. ಗೊರಕಪ್ಪನ್ನ ನೋಡೋಣ ಅಂತ."

ಮರದ ಸ್ಟ್ಯಾಂಡಿನ ಮೇಲೆ ನಿಂತಿದ್ದ ಗೊರಕಪ್ಪ ಎಂದರೆ ಅಜ್ಜಿಯ ದೋಣಿಯ ಮೋಟಾರು. ದೋಣಿಯ ಹಿಂಬದಿಗೆ ಸಿಕ್ಕಿಸುವ, ಉದ್ದ ಕಾಲಿನ, ಕಾಲಿನ ತುದಿಯಲ್ಲಿ ಫ್ಯಾನ್ ಇರುವ ಹಳೇ ಟು-ಸ್ಟ್ರೋಕ್ ಮೋಟಾರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಿದರೆ ಮಾತ್ರ ಓಡುತ್ತದೆ. ಓಡುವಾಗ ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ಗೊರ್ ಗೊರ್ ಅನ್ನುತ್ತದೆ. ಅದಕ್ಕೇ ಅಜ್ಜಿ ಅದಕ್ಕೆ ಗೊರಕಪ್ಪ ಎಂದು ಹೆಸರಿಟ್ಟಿದ್ದು.

ಹುಟ್ಟಿದಾಗ ಚೋಟುದ್ದ ಇದ್ದಳೆಂದು ಅವಳಿಗೆ ಚೋಟು ಎಂದು ಹೆಸರಿಟ್ಟವಳೂ ಅಜ್ಜಿಯೇ. ಈಗ ಅವಳು ಐದನೇ ಕ್ಲಾಸಿನಲ್ಲೇ ಎತ್ತರದ ಹುಡುಗಿ. ಆಳು ಬೆಳೆದರೂ ಹೆಸರು ಬೆಳೆಯಲಿಲ್ಲ. ದಿನಾ ಬೆಳಿಗ್ಗೆ ಅಜ್ಜಿಯೇ ದೋಣಿ ನಡೆಸಿ ಮಕ್ಕಳನ್ನು ಆಚೆ ದಡದ ಸ್ಕೂಲಿಗೆ ಬಿಡುತ್ತಿದ್ದಳು. ಅಜ್ಜಿಯ ಪಕ್ಕದ ಹಲಗೆ ಚೋಟುವಿನದು. ಅಲ್ಲಿ ಬೇರೆ ಯಾರಾದರೂ ಕೂತರೆ ಅವತ್ತು ಜಗಳ ಗ್ಯಾರಂಟಿ.

ಈಗ ಆ ಹಲಗೆಗೇ ಸಂಚಕಾರ ಬಂದಿತ್ತು. ಕೆಲವು ದಿನಗಳಿಂದ ದೋಣಿ ಹೋದಲ್ಲೆಲ್ಲ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. "ಮೆಕ್ಯಾನಿಕ್ ಬಂದು ನೋಡ್ಲಿ. ಸರಿಹೋಗಲ್ಲ ಅಂದ್ರೆ ಗೊರಕಪ್ಪ ಗುಜರಿಗೆ," ಎಂದು ಅಪ್ಪ ಹೇಳಿಬಿಟ್ಟಿದ್ದ. "ಹೊಸ ಮೋಟಾರು ತಂದು ನಾನೇ ದೋಣಿ ಬಿಡ್ತೀನಿ. ಅಮ್ಮ ಇನ್ನು ಮನೇಲಿ ಆರಾಮಾಗಿರ್ಲಿ."

ಅದನ್ನು ಕೇಳಿ ಅಜ್ಜಿ ಊಟದ ಮಧ್ಯೆ ಎದ್ದು ಕೈ ತೊಳೆದುಕೊಂಡಿದ್ದಳು. ಮಾರನೇ ದಿನದಿಂದ ಚೋಟು ಎಲ್ಲರಿಗಿಂತ ಮೊದಲು ಎದ್ದು, ಗೊರಕಪ್ಪನ ಕೆಳಗೆ ಬಿದ್ದ ಎಣ್ಣೆಯನ್ನು ಒಂದು ಹನಿಯೂ ಬಿಡದೆ ಒರೆಸಿ, ಯಾರಿಗೂ ಗೊತ್ತಾಗದಂತೆ ಮತ್ತೆ ಹೋಗಿ ಮಲಗತೊಡಗಿದಳು. ಎಣ್ಣೆ ಕಾಣದಿದ್ದರೆ ಅಪ್ಪನಿಗೆ ಸಿಟ್ಟೂ ಬರುವುದಿಲ್ಲ ಎಂಬುದು ಅವಳ ಲೆಕ್ಕ.

ಹತ್ತು ಗಂಟೆಗೆ ಮೆಕ್ಯಾನಿಕ್ ಮಾಮ ಸೀನುತ್ತಲೇ ಬಂದ. ಅವನಿಗೆ ಜೋರು ನೆಗಡಿ.

"ಎಲ್ಲಪ್ಪಾ ನಮ್ಮ ಪೇಷೆಂಟು? ಡಾಕ್ಟರಿಗೇ ಹುಷಾರಿಲ್ಲ ಇವತ್ತು," ಎಂದು ಮೂಗು ಒರೆಸಿಕೊಂಡ.

ಅವನು ಗೊರಕಪ್ಪನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟ. ಪೈಪುಗಳನ್ನು ಬೆರಳಿನಿಂದ ಸವರಿದ. ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿದ. ಸ್ವಲ್ಪ ಹೊತ್ತಿಗೇ ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆ ಹರಡಿತು.

"ಶೆಡ್ಡಲ್ಲಿ ನಿಂತಾಗ ಕೆಳಗೆ ಏನಾದ್ರೂ ಬೀಳತ್ತಾ?" ಎಂದು ಅಪ್ಪನನ್ನು ಕೇಳಿದ.

"ಒಂದು ಹನಿಯೂ ಇಲ್ಲ. ದಿನಾ ನೋಡ್ತೀನಿ, ನೆಲ ಕ್ಲೀನ್."

ಮೆಕ್ಯಾನಿಕ್ ಮಾಮನ ಮುಖ ಸಪ್ಪಗಾಯಿತು. "ಹಾಗಾದ್ರೆ ಕಷ್ಟ. ನಿಂತಾಗ ಸೋರಲ್ಲ, ಓಡಿದಾಗ ಮಾತ್ರ ಸೋರತ್ತೆ ಅಂದ್ರೆ ಒಳಗಡೆ ಎಣ್ಣೆ ತಡೆಯೋ ರಬ್ಬರ್ ಸೀಲ್ ಹೋಗಿರತ್ತೆ. ಪೂರ್ತಿ ಬಿಚ್ಚಬೇಕು. ಬಿಚ್ಚಿದ್ರೂ ಇಷ್ಟು ಹಳೇ ಮಾಡೆಲ್ಲಿಗೆ ಸೀಲ್ ಎಲ್ಲಿಂದ ತರೋದು? ಬೇಜಾರು ಮಾಡ್ಕೋಬೇಡಿ ಅಜ್ಜಿ. ಗುಜರಿಗೆ ಹಾಕೋದೇ ವಾಸಿ."

ಮೂಲೆಯಲ್ಲಿ ಕವುಚಿದ್ದ ಬಕೆಟ್ಟಿನ ಮೇಲೆ ಕೂತಿದ್ದ ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಗೊರಕಪ್ಪನನ್ನು ಉಳಿಸಲು ಹೋಗಿ ತಾನೇ ಅವನ ಕುತ್ತಿಗೆಗೆ ಕುತ್ತು ತಂದಿರುವುದು ಚೋಟುವಿಗೆ ಹೊಳೆಯಿತು. ಬಾಯಿ ಬಿಟ್ಟರೆ ಬೈಗುಳ, ಬಿಡದಿದ್ದರೆ ಗುಜರಿ.

"ಬೀಳತ್ತೆ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ದಿನಾ ಬೀಳತ್ತೆ ಮಾಮ. ಅಪ್ಪ ಬರೋಕೆ ಮುಂಚೆ ನಾನು ಒರೆಸ್ತೀನಿ."

ಅಪ್ಪ ಕಣ್ಣು ಕೆಕ್ಕರಿಸಿದ. "ಏನಂದೆ?"

"ಆಮೇಲೆ ಬೈಕೊಳ್ಳಿ ಸಾರ್," ಎಂದು ಮೆಕ್ಯಾನಿಕ್ ಮಾಮ ಅಡ್ಡ ಬಂದ. ಅವನ ಮುಖ ಅರಳಿತ್ತು. "ಎಲ್ಲಿ ಬೀಳತ್ತೆ ಪುಟ್ಟಿ? ಯಾವ ಬಣ್ಣ?"

ದಿನಾ ಒರೆಸಿದವಳಿಗೆ ಗೊತ್ತಿರದೇ ಇರುತ್ತದೆಯೇ? "ಎರಡು ಥರ. ಫ್ಯಾನ್ ಹತ್ರ ಚೂರೇ ಚೂರು ಕಪ್ಪು, ನೀರು ನೀರಾಗಿರತ್ತೆ. ಅದರ ಮುಂದೆ ದಪ್ಪಗೆ ಇನ್ನೊಂದು. ಹಾಲು ಜಾಸ್ತಿಯಾದ ಕಾಫಿ ಬಣ್ಣ."

"ವಾಸನೆ? ನನ್ನ ಮೂಗು ಇವತ್ತು ರಜಾ. ನಿನ್ನ ಮೂಗೇ ಗತಿ."

ಚೋಟು ಹಗ್ಗದ ಹಿಂದಿನಿಂದ ಬಟ್ಟೆ ಎಳೆದು ಮೂಸಿದಳು. "ಕಪ್ಪಗಿರೋದು ಪೆಟ್ರೋಲ್ ಬಂಕ್ ವಾಸನೆ. ಕಾಫಿ ಬಣ್ಣದ್ದು ಥೂ! ಕೊಳೆತ ಮೊಟ್ಟೆ!"

"ಸರಿಯಾಗಿ ಹೇಳಿದೆ!" ಮೆಕ್ಯಾನಿಕ್ ಮಾಮ ತೊಡೆ ತಟ್ಟಿಕೊಂಡ. "ಕಪ್ಪು ಅಂದ್ರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ, ಪೂರ್ತಿ ಸುಡದೆ ಹೊಗೆ ದಾರೀಲಿ ಇಳಿಯತ್ತೆ. ಹಳೇ ಟು-ಸ್ಟ್ರೋಕ್ ಎಲ್ಲಕ್ಕೂ ಇದ್ದದ್ದೇ, ವಯಸ್ಸಾದೋರ ಕೆಮ್ಮಿನ ಥರ. ಕೊಳೆತ ಮೊಟ್ಟೆ ಅಂದ್ರೆ ಗೇರ್ ಆಯಿಲ್. ಬಣ್ಣ ಬಿಳಚಿಕೊಂಡಿದೆ ಅಂದ್ರೆ ಒಳಗೆ ನೀರೂ ಹೋಗ್ತಿದೆ. ಹೀಗೇ ಬಿಟ್ಟಿದ್ರೆ ಗೇರೆಲ್ಲ ಹಾಳಾಗಿರೋದು."

ಅವನು ಗೊರಕಪ್ಪನ ಕಾಲನ್ನು ಚೆನ್ನಾಗಿ ಒರೆಸಿ ಒಣಗಿಸಿ, ಮತ್ತೆ ಸ್ಟ್ಯಾಂಡಿಗೆ ಏರಿಸಿದ. ಕಾಲಿಗೆಲ್ಲ ಟಾಲ್ಕಂ ಪೌಡರ್ ಬಳಿದ. ಬಳಿಯುವಾಗ ಒಮ್ಮೆ ಸೀನಿ, ಅಪ್ಪನ ಮೀಸೆಗೂ ಪೌಡರ್ ಹಾಕಿದ. ನಗು ಬಂದರೂ ಚೋಟು ತುಟಿ ಕಚ್ಚಿ ಹಿಡಿದಳು.

"ಸಂಜೆ ಬರ್ತೀನಿ. ಪೌಡರ್ ಮೇಲೆ ಎಣ್ಣೆ ಗೆರೆ ಗೇರ್ ಆಯಿಲ್ ಇಳಿಸೋ ಈ ಸ್ಕ್ರೂ ಹತ್ರ ಶುರುವಾಗಿದ್ರೆ ಸಣ್ಣ ಕೆಲಸ. ಫ್ಯಾನ್ ತಿರುಗಿಸೋ ಶಾಫ್ಟ್ ಹತ್ರ ಶುರುವಾಗಿದ್ರೆ ಮತ್ತೆ ಅದೇ ಸೀಲ್ ಕತೆ, ನನ್ನ ಕೈಲಾಗಲ್ಲ. ಅಲ್ಲೀವರೆಗೆ ಯಾರೂ ಒರೆಸೋ ಹಾಗಿಲ್ಲ," ಎಂದು ಚೋಟುವಿನ ಕಿವಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದ.

ಮಧ್ಯಾಹ್ನ ಮುಗಿಯಲೇ ಇಲ್ಲ. ಚೋಟು ಶೆಡ್ಡಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡಿದಳು. ಗೆರೆ ಶಾಫ್ಟಿನ ಹತ್ತಿರ ಇದ್ದರೆ? ಬೆರಳಿನಿಂದ ಒಮ್ಮೆ ಸವರಿದರೆ ಮುಗಿಯಿತು, ಯಾರಿಗೂ ತಿಳಿಯದು. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಅಜ್ಜಿಯೂ ಸುಮ್ಮನೆ ಕೂರಲಿಲ್ಲ. ಶೆಡ್ಡಿನ ತನಕ ಬರುವುದು, ಏನೋ ಹೇಳಲು ಬಾಯಿ ತೆರೆಯುವುದು, ಹಿಂದಿರುಗುವುದು, ಇದೇ ಆಯಿತು.

ಸಂಜೆ ಮೆಕ್ಯಾನಿಕ್ ಮಾಮ ಬಂದಾಗ ನಾಲ್ವರೂ ಒಟ್ಟಿಗೆ ಬಗ್ಗಿ ನೋಡಿದರು. ಬಿಳಿ ಪೌಡರಿನ ಮೇಲೆ ಒಂದು ಕಾಫಿ ಬಣ್ಣದ ಗೆರೆ ಇಳಿದಿತ್ತು. ಅದು ಶುರುವಾಗಿದ್ದು ಸ್ಕ್ರೂವಿನ ಹತ್ತಿರ.

"ಬದುಕಿದ ಗೊರಕಪ್ಪ!" ಎಂದು ಕೂಗುತ್ತಾ ಮೆಕ್ಯಾನಿಕ್ ಮಾಮ ಕೆಳಗೊಂದು ತಟ್ಟೆ ಹಿಡಿದು ಸ್ಕ್ರೂ ಬಿಚ್ಚಿದ. ಬಿಚ್ಚಿದವನೇ ಹುಬ್ಬು ಗಂಟು ಹಾಕಿದ. "ಇದೇನು, ಇದಕ್ಕೆ ವಾಷರ್ರೇ ಇಲ್ಲ! ಯಾವ ಪುಣ್ಯಾತ್ಮ ಬಿಚ್ಚಿದ್ದು ಇದನ್ನ?"

"ನಾನಂತೂ ಮುಟ್ಟಿಲ್ಲ," ಎಂದ ಅಪ್ಪ. ಅವನ ಕಣ್ಣು ನೇರ ಚೋಟುವಿನ ಮೇಲೆ ಬಿತ್ತು.

"ನಾನು ಒರೆಸಿದ್ದಷ್ಟೇ ಅಪ್ಪ! ನಿಜವಾಗ್ಲೂ!"

ಆಗಲೇ ಅವಳು ಅಜ್ಜಿಯನ್ನು ನೋಡಿದ್ದು. ಅಜ್ಜಿ ಸೂರಿನ ಕಡೆ ನೋಡುತ್ತಾ ನಿಂತಿದ್ದಳು. ಸೂರಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಸೆರಗಿನ ತುದಿ ಮತ್ತೆ ಬೆರಳಿಗೆ ಸುತ್ತಿಕೊಂಡಿತ್ತು.

ಬೆಳಿಗ್ಗೆ ನಿಜ ಹೇಳಲು ತನಗೆ ಎಷ್ಟು ಹೆದರಿಕೆಯಾಗಿತ್ತು ಎಂಬುದು ಚೋಟುವಿಗೆ ಚೆನ್ನಾಗಿ ನೆನಪಿತ್ತು. ಅದು ದೊಡ್ಡವರಿಗೂ ಆಗುತ್ತದೆ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅವಳು ಹೋಗಿ ಅಜ್ಜಿಯ ಪಕ್ಕ ನಿಂತು, ಸೆರಗು ಬಿಡಿಸಿ, ಆ ಕೈಯನ್ನು ಹಿಡಿದುಕೊಂಡಳು.

"ನಾನೇ ಕಣೋ," ಎಂದಳು ಅಜ್ಜಿ. "ಗೇರ್ ಆಯಿಲ್ ನೋಡೋಣ ಅಂತ ದೋಣೀಲೇ ಬಿಚ್ಚಿದೆ. ವಾಷರ್ ಕೈಜಾರಿ ಹೊಳೆಗೆ ಬಿತ್ತು. ಗಟ್ಟಿಯಾಗಿ ತಿರುಗಿಸಿದ್ರೆ ಸಾಕು ಅಂದ್ಕೊಂಡೆ. ಹೇಳಿದ್ರೆ ಅಮ್ಮನ ಕೈಲಿ ಇನ್ನು ಆಗಲ್ಲ ಅಂತ ನೀನು ನನ್ನನ್ನ ದೋಣಿಯಿಂದ ಇಳಿಸ್ತೀಯ ಅಂತ..."

ಅಪ್ಪ ಏನಾದರೂ ಅನ್ನಬಹುದೆಂದು ಚೋಟು ಕಾದಳು. ಅವನು ತನ್ನ ಅಮ್ಮನ ಕಡೆ ತಿರುಗಿದ. ಮೀಸೆಯಲ್ಲಿ ಇನ್ನೂ ಪೌಡರ್ ಇತ್ತು.

"ನನ್ನಿಂದ ಮುಚ್ಚಿಡೋವಷ್ಟು ಹೆದರಿಸಿಬಿಟ್ನಾ ನಿಮ್ಮಿಬ್ಬರನ್ನೂ?" ಎಂದು ಕೇಳಿದ.

ಮೆಕ್ಯಾನಿಕ್ ಮಾಮ ಬಂದ ಸೀನನ್ನು ತಡೆದುಕೊಂಡ.

ಹಳೇ ಆಯಿಲ್ ಇಳಿಸಿ ಹೊಸದು ತುಂಬಿದ ಮೇಲೆ ಮೆಕ್ಯಾನಿಕ್ ಮಾಮ ತನ್ನ ಡಬ್ಬಿಯಿಂದ ಉಂಗುರದಷ್ಟು ಸಣ್ಣ ವಾಷರ್ ಹುಡುಕಿ ತೆಗೆದ. ಅಪ್ಪ ಅದನ್ನು ಅವನ ಕೈಯಿಂದ ತೆಗೆದುಕೊಂಡು ಅಜ್ಜಿಯ ಅಂಗೈಯಲ್ಲಿ ಇಟ್ಟ. "ನಿನ್ನ ಮೋಟಾರು. ನೀನೇ ಹಾಕಮ್ಮ."

ಅಜ್ಜಿ ನೆಲಕ್ಕೆ ಮಂಡಿಯೂರಿದಳು. ಅವಳ ಕೈ ಸ್ವಲ್ಪ ನಡುಗುತ್ತಿತ್ತು. ಚೋಟು ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತಳು. ಕೈ ನಡುಗುವುದನ್ನು ಅಪ್ಪನಿಂದ ಮರೆಮಾಡಲು ಅಡ್ಡ ಬರಬೇಕು ಎಂದು ಈಗ ಅವಳಿಗೆ ಅನ್ನಿಸಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು, ಅಪ್ಪನಿಗೂ ಜಾಗ ಮಾಡಿಕೊಟ್ಟಳು.